ವಯಸ್ಸಾದ ಲೇಯರ್ ಕೋಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಡಬಹುದೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನ್ನ 400 ಲೇಯರ್ ಕೋಳಿಗಳಿಗೆ ಈಗ 82 ವಾರ. ಶೇ. 90ಕ್ಕಿಂತ ಹೆಚ್ಚಿದ್ದ ಇಳುವರಿ ಶೇ. 65ಕ್ಕೆ ಇಳಿದಿದೆ. ಮೊಟ್ಟೆಗಳು ದಪ್ಪವಾಗಿದ್ದರೂ ಚಿಪ್ಪು ತೆಳುವಾಗಿ ಟ್ರೇಯಲ್ಲೇ ಒಡೆಯುತ್ತಿವೆ. ಈಸ್ಟ್ರೋಜನ್ ಚುಚ್ಚಿದರೆ ಮತ್ತೆ ಮೊಟ್ಟೆ ಇಡುತ್ತವೆ ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ನಮಸ್ಕಾರ. ದಯವಿಟ್ಟು ಕೊಡಬೇಡಿ. ನಿಮ್ಮ ಪರಿಚಯದವರ ಮಾತಿನಲ್ಲಿ ಅರ್ಧ ಸತ್ಯವಿರುವುದರಿಂದಲೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊಟ್ಟೆಯ ಹಳದಿ ತಯಾರಾಗುವುದು ಅಂಡಾಶಯದಲ್ಲಲ್ಲ, ಪಿತ್ತಜನಕಾಂಗದಲ್ಲಿ. ಅಂಡಾಶಯದ ಸಣ್ಣ ಕೋಶಿಕೆಗಳು (ಒಂದೊಂದು ಹಳದಿ ಬೆಳೆಯುವ ಪುಟ್ಟ ಚೀಲಗಳು) ಸ್ರವಿಸುವ ಈಸ್ಟ್ರೋಜನ್ ರಕ್ತದ ಮೂಲಕ ಅಲ್ಲಿಗೆ ತಲುಪಿ, ಜೀವಕೋಶದೊಳಗೆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನಿಗೆ (ರಿಸೆಪ್ಟರ್) ಅಂಟಿಕೊಂಡು, ವೈಟೆಲ್ಲೊಜೆನಿನ್ ಎಂಬ ಹಳದಿಯ ಮೂಲ ಪ್ರೋಟೀನಿನ ಜೀನನ್ನು ಚಾಲೂ ಮಾಡುತ್ತದೆ. ಈ ಜೀನ್ ಹುಂಜದಲ್ಲೂ ಇದೆ, ಆದರೆ ಸುಮ್ಮನಿರುತ್ತದೆ. ಹುಂಜಕ್ಕೆ ಈಸ್ಟ್ರೋಜನ್ ಚುಚ್ಚಿದರೆ ಅದರ ಪಿತ್ತಜನಕಾಂಗವೂ ಹಳದಿಯ ಪ್ರೋಟೀನ್ ತಯಾರಿಸತೊಡಗುತ್ತದೆ. ಹಾಗೆಂದು ಹುಂಜ ಮೊಟ್ಟೆ ಇಡುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಹಳದಿ ತಯಾರಾದರೆ ಸಾಲದು, ಅದನ್ನು ತುಂಬಿಸಿಕೊಳ್ಳಲು ಕೋಶಿಕೆ ಬೇಕು. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಫ್‌ಎಸ್‌ಎಚ್ ಹಾರ್ಮೋನಿಗೆ ಸ್ಪಂದಿಸುವ ಸಣ್ಣ ಕೋಶಿಕೆಗಳಲ್ಲಿ ಸುಮಾರಾಗಿ ದಿನಕ್ಕೊಂದು ಆಯ್ಕೆಯಾಗಿ ದೊಡ್ಡದಾಗುವ ಸಾಲಿಗೆ ಸೇರುತ್ತದೆ. ವಯಸ್ಸಾದಂತೆ ಈ ಆಯ್ಕೆ ನಿಧಾನವಾಗುತ್ತದೆ. ಇರುವ ಹಳದಿ ಕಡಿಮೆ ಕೋಶಿಕೆಗಳಿಗೆ ಹಂಚಿಕೆಯಾಗುವುದರಿಂದಲೇ ನಿಮ್ಮ ಮೊಟ್ಟೆಗಳ ಸಂಖ್ಯೆ ಇಳಿದು ಗಾತ್ರ ಹೆಚ್ಚಿದೆ. ಈ ಸ್ಥಿತಿಯಲ್ಲಿ ಹೊರಗಿನಿಂದ ಈಸ್ಟ್ರೋಜನ್ ಕೊಟ್ಟರೆ ಪಿತ್ತಜನಕಾಂಗ ಇನ್ನಷ್ಟು ಕೊಬ್ಬು ತಯಾರಿಸಿ ತನ್ನಲ್ಲೇ ತುಂಬಿಕೊಳ್ಳುತ್ತದೆ, ಕೊನೆಗೆ ಒಳಗೇ ರಕ್ತಸ್ರಾವವಾಗಿ ಕೋಳಿ ಸಾಯಬಹುದು. ತಿನ್ನುವವರ ಆರೋಗ್ಯದ ಪ್ರಶ್ನೆಯೂ ಇದೆ: ಕೃತಕ ಈಸ್ಟ್ರೋಜನನ್ನು ಕೋಳಿಗಳಿಗೆ ಕೊಡುವುದನ್ನು ಅಮೆರಿಕ 1959ರಲ್ಲೇ ನಿಲ್ಲಿಸಿತು.

ಚಿಪ್ಪಿನ ವಿಷಯದಲ್ಲಿ ನೀವು ಮಾಡಬಹುದಾದದ್ದಿದೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದರ ಬಹುಪಾಲು ರಾತ್ರಿ ಸೇರುತ್ತದೆ. ವಯಸ್ಸಾದ ಕೋಳಿಯ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗಿರುತ್ತದೆ. ಆದ್ದರಿಂದ ಸಂಜೆ ದಪ್ಪ ಕಾಳಿನ ಸುಣ್ಣಕಲ್ಲು ಅಥವಾ ಕಪ್ಪೆಚಿಪ್ಪಿನ ಚೂರು ಕೊಡಿ. ಅದು ನಿಧಾನವಾಗಿ ಕರಗಿ ರಾತ್ರಿಯಿಡೀ ಒದಗುತ್ತದೆ. ಫೀಡಿನಲ್ಲಿ ವಿಟಮಿನ್ ಡಿ3 ಸಾಕಷ್ಟಿದೆಯೇ ನೋಡಿ, ಬೆಳಕಿನ ಅವಧಿಯನ್ನು 16 ಗಂಟೆಗಿಂತ ಇಳಿಸಬೇಡಿ.

ಮರುಪ್ರಶ್ನೆ: ಹಾಗಾದರೆ ಕೆಲವು ದಿನ ಫೀಡ್ ನಿಲ್ಲಿಸಿ ಪುಕ್ಕ ಉದುರಿಸಿದರೆ?

ಉತ್ತರ: ಪುಕ್ಕ ಉದುರುವಾಗ ಅಂಡಾಶಯ ಮತ್ತು ಅಂಡನಾಳ ಕುಗ್ಗಿ, ನಂತರ ಹೊಸದಾಗಿ ಬೆಳೆಯುತ್ತವೆ, ಇಳುವರಿಯೂ ಚಿಪ್ಪಿನ ಗಟ್ಟಿತನವೂ ಕೆಲವು ತಿಂಗಳು ಸುಧಾರಿಸುತ್ತವೆ ಎಂಬುದು ನಿಜ. ಆದರೆ ಉಪವಾಸ ಕೆಡವುವುದು ಕ್ರೌರ್ಯ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಗೋಧಿ ಬೂಸಾ ಹೆಚ್ಚಿರುವ, ಶಕ್ತಿ ಕಡಿಮೆಯಿರುವ ಫೀಡನ್ನು ಹೊಟ್ಟೆ ತುಂಬ ಕೊಟ್ಟೂ ಇದನ್ನು ಸಾಧಿಸಬಹುದು. 400 ಕೋಳಿಗಳಿಗೆ ಮೊಟ್ಟೆಯಿಲ್ಲದ ಆ ವಾರಗಳ ಖರ್ಚು ಹುಟ್ಟುತ್ತದೆಯೇ ಎಂದು ಮೊದಲು ಲೆಕ್ಕ ಹಾಕಿ. ನಿಮ್ಮ ಜಾಗದಲ್ಲಿ ನಾನಿದ್ದರೆ, ಮೊಟ್ಟೆ ನಿಲ್ಲಿಸಿದ ಕೋಳಿಗಳನ್ನು ಆರಿಸಿ ಮಾರಿ, ಹೊಸ ಬ್ಯಾಚಿಗೆ ಸಿದ್ಧತೆ ಮಾಡಿಕೊಳ್ಳುತ್ತಿದ್ದೆ.