ಎಕ್ಸ್‌ಎಲ್‌ಎ ಮಗುವಿನಲ್ಲಿ ಮೆಮೊರಿ ಸಿಡಿ4 ಕಡಿಮೆ: ಟಿ ಕೋಶದಲ್ಲೂ ದೋಷವಿದೆಯೇ?

ಪ್ರಶ್ನೆ | ಫ್ಲೋ_ಮೇಜು

ಆರು ವರ್ಷದ ಹುಡುಗ, ಎಕ್ಸ್‌ಎಲ್‌ಎ (ಬಿಟಿಕೆ ಜೀನ್ ಕೆಟ್ಟು, ಆಂಟಿಬಾಡಿ ತಯಾರಿಸುವ ಬಿ ಕೋಶಗಳು ಬೆಳೆಯದ ಹುಟ್ಟು ಕಾಯಿಲೆ), ಬಿಟಿಕೆ ಮ್ಯುಟೇಶನ್ ಖಚಿತವಾಗಿದೆ. ಸಿಡಿ19 (ಬಿ ಕೋಶದ ಗುರುತು) ಶೇ. 0.1. ನಾಲ್ಕು ವಾರಕ್ಕೊಮ್ಮೆ ಐವಿಐಜಿ (ದಾನಿಗಳ ಆಂಟಿಬಾಡಿಯನ್ನು ರಕ್ತನಾಳಕ್ಕೆ ಕೊಡುವುದು) ನಡೆಯುತ್ತಿದೆ. ಟಿ ಕೋಶದ ಗುರುತುಗಳಾದ ಸಿಡಿ3, ಸಿಡಿ4, ಸಿಡಿ8 ಸಂಖ್ಯೆಗಳೆಲ್ಲ ವಯಸ್ಸಿಗೆ ತಕ್ಕಂತಿವೆ. ಆದರೆ ಸಿಡಿ4ರಲ್ಲಿ ಮೆಮೊರಿ ಕೋಶದ (ಹಿಂದೆ ಆಂಟಿಜೆನ್, ಅಂದರೆ ರೋಗಾಣು ಅಥವಾ ಲಸಿಕೆಯ ಅಂಶ ಕಂಡ ಕೋಶದ) ಗುರುತಾದ ಸಿಡಿ45ಆರ್‌ಒ ಪಾಲು ಕಡಿಮೆ, ಸಿಎಕ್ಸ್‌ಸಿಆರ್5 ಎಂಬ, ಬಿ ಕೋಶಗಳ ಬಳಿಗೆ ಕರೆದೊಯ್ಯುವ ಗ್ರಾಹಕ ಇರುವ ಕೋಶಗಳಂತೂ ಬೆರಳೆಣಿಕೆಯಷ್ಟು. ಟಿ ಕೋಶ ಬಿಟಿಕೆಯನ್ನು ಬಳಸುವುದೇ ಇಲ್ಲವಲ್ಲ, ಮತ್ತೆ ಈ ಕೊರತೆ ಎಲ್ಲಿಂದ ಬಂತು? ಕಂಬೈನ್ಡ್ ಇಮ್ಯುನೊಡೆಫಿಷಿಯೆನ್ಸಿ (ಟಿ, ಬಿ ಎರಡರಲ್ಲೂ ದೋಷ) ಎಂದು ಬೇರೆ ಜೀನ್ ಹುಡುಕಬೇಕೇ?

ಉತ್ತರ | ಜರ್ಮಿನಲ್_ಸೆಂಟರ್

ಇದು ಬಿ ಕೋಶ ಇಲ್ಲದ್ದರ ಪರಿಣಾಮ. ಸಿಡಿ4 ಕೋಶವನ್ನು ಮೊದಲು ಎಬ್ಬಿಸುವುದು ಆಂಟಿಜೆನ್ ತೋರಿಸುವ ಡೆಂಡ್ರಿಟಿಕ್ ಕೋಶ, ಅದು ಎಕ್ಸ್‌ಎಲ್‌ಎಯಲ್ಲೂ ನಡೆಯುತ್ತದೆ. ಎದ್ದ ಕೋಶ ಕೆಲವು ದಿನಗಳಲ್ಲಿ ಲಿಂಫ್ ಗ್ರಂಥಿಯ ಟಿ-ಬಿ ಗಡಿಗೆ ಬರುತ್ತದೆ. ಅಲ್ಲಿ ಅದೇ ಆಂಟಿಜೆನ್ ಹಿಡಿದ ಬಿ ಕೋಶ ಅದನ್ನು ಮತ್ತೆ ತೋರಿಸಬೇಕು, ಐಕಾಸ್ ಲೈಗ್ಯಾಂಡ್ ಎಂಬ ಜೋಡಿ ಪ್ರೋಟೀನಿನ ಮೂಲಕ ಟಿ ಕೋಶದ ಐಕಾಸ್ ಎಂಬ ಗ್ರಾಹಕವನ್ನು ತಟ್ಟುತ್ತಿರಬೇಕು. ಬಿಸಿಎಲ್6 (ಈ ಬಗೆಯ ಟಿ ಕೋಶವನ್ನು ರೂಪಿಸುವ ಪ್ರೋಟೀನ್) ಉಳಿಯುವುದು, ಟಿ ಕೋಶ ಫಾಲಿಕ್ಯುಲರ್ ಹೆಲ್ಪರ್ (ಬಿ ಕೋಶಕ್ಕೆ ನೆರವಾಗುವ ಕೋಶ) ಆಗಿ ನೆಲೆ ನಿಲ್ಲುವುದು ಈ ಎರಡನೇ ಭೇಟಿಯಿಂದ. ಬಿ ಕೋಶವೇ ಇಲ್ಲದಿದ್ದರೆ ಭೇಟಿಯೇ ಇಲ್ಲ. ಸಿಎಕ್ಸ್‌ಸಿಆರ್5 ಎಲ್ಲಕ್ಕಿಂತ ಹೆಚ್ಚು ಕುಸಿದಿರುವುದು ಅದಕ್ಕೇ.

ಐಕಾಸ್ ಕೊರತೆಯಲ್ಲೂ ಸಿಡಿ40 ಲೈಗ್ಯಾಂಡ್ (ಟಿ ಕೋಶ ಬಿ ಕೋಶಕ್ಕೆ ಸಂಕೇತ ಕೊಡುವ ಪ್ರೋಟೀನ್) ಕೊರತೆಯಲ್ಲೂ ಇದೇ ಕೋಶಗಳು ಕುಸಿಯುತ್ತವೆ. ಅಲ್ಲಿ ತಪ್ಪು ಟಿ ಕೋಶದ ಕಡೆಯದು, ಎಕ್ಸ್‌ಎಲ್‌ಎಯಲ್ಲಿ ಬಿ ಕೋಶದ ಕಡೆಯದು. ಮಾತುಕತೆ ಯಾರ ಕಡೆಯಿಂದ ನಿಂತರೂ ನಷ್ಟ ಒಂದೇ. ಬಿ ಕೋಶವಿಲ್ಲದ ಮ್ಯೂ-ಎಂಟಿ ಇಲಿಗಳಿಗೆ ಎಲ್‌ಸಿಎಂವಿ ವೈರಸ್ ಕೊಟ್ಟಾಗಲೂ ಪೆಟ್ಟು ಬೀಳುವುದು ಮುಖ್ಯವಾಗಿ ಸಿಡಿ4 ಮೆಮೊರಿಗೆ.

ಉತ್ತರ | ಪಿಬಿಎಂಸಿ

ಮೇಲಿನ ವಿವರಣೆ ಒಪ್ಪುತ್ತೇನೆ, ಆದರೆ ರಿಪೋರ್ಟನ್ನು ಅಷ್ಟು ಬೇಗ ನಂಬಬೇಡಿ. ಮೆಮೊರಿ ಕೋಶಗಳು ವಯಸ್ಸಿನೊಂದಿಗೆ ಕೂಡುತ್ತಾ ಹೋಗುತ್ತವೆ. ಆರು ವರ್ಷದವನ ಪಕ್ಕ ದೊಡ್ಡವರ ಕಂಟ್ರೋಲ್ ಇಟ್ಟರೆ ಯಾವ ಆರೋಗ್ಯವಂತ ಮಗುವಿನದ್ದೂ ಕಡಿಮೆಯೇ ಕಾಣುತ್ತದೆ. ಶೇಕಡಾವಾರಿನ ಜೊತೆಗೆ ಮೈಕ್ರೋಲೀಟರಿಗೆ ಎಷ್ಟು ಎಂದೂ ಬರೆಯಿಸಿ. ಬಿ ಕೋಶಗಳ ಜಾಗ ಖಾಲಿಯಾದಾಗ ಟಿ ಕೋಶದ ಶೇಕಡಾ ತಾನಾಗಿಯೇ ಏರುತ್ತದೆ. ಸಿಡಿ45ಆರ್‌ಎ (ನೈವ್, ಅಂದರೆ ಆಂಟಿಜೆನ್ ಇನ್ನೂ ಕಾಣದ ಕೋಶದ ಗುರುತು) ಮತ್ತು ಸಿಸಿಆರ್7 (ಲಿಂಫ್ ಗ್ರಂಥಿಗೆ ಕರೆದೊಯ್ಯುವ ಗ್ರಾಹಕ) ಒಟ್ಟಿಗೆ ನೋಡಿ, ಇಲ್ಲದಿದ್ದರೆ ಸಿಡಿ45ಆರ್‌ಎ ಮರಳಿ ಪಡೆದ ಎಫೆಕ್ಟರ್ (ದಾಳಿ ಮಾಡುವ) ಕೋಶಗಳು ನೈವ್ ಲೆಕ್ಕಕ್ಕೆ ಸೇರಿಬಿಡುತ್ತವೆ. ಸಿಸಿಆರ್7 ಸ್ಟೇನಿಂಗ್ 37 ಡಿಗ್ರಿಯಲ್ಲಿ ಮಾಡಿದರೆ ಗುಂಪುಗಳು ಚೆನ್ನಾಗಿ ಬೇರ್ಪಡುತ್ತವೆ.

ಇನ್ನೊಂದು ಅಂಶ: ಬಿಟಿಕೆ ಟಿ ಕೋಶದಲ್ಲಿ ಇಲ್ಲ, ಆದರೆ ಮೊನೊಸೈಟ್‌ನಲ್ಲಿ ಇದೆ. ಎಲ್ಲ ಹೊಣೆಯನ್ನೂ ಬಿ ಕೋಶದ ಮೇಲೆ ಹೊರಿಸುವ ಮುನ್ನ ಐಜಿಎಚ್‌ಎಂ ಅಥವಾ ಸಿಡಿ79ಎ ಜೀನ್ ದೋಷದ ಅಗಾಮಾಗ್ಲಾಬ್ಯುಲಿನೀಮಿಯಾ (ಆಂಟಿಬಾಡಿ ಇಲ್ಲದ ಸ್ಥಿತಿ) ಜೊತೆ ಹೋಲಿಸುವುದು ನ್ಯಾಯ. ಅಲ್ಲಿ ಬಿ ಕೋಶವಿಲ್ಲ, ಬಿಟಿಕೆ ಸರಿಯಿದೆ.

ಎಣಿಕೆಗಿಂತ ಕೆಲಸ ನೋಡುವುದು ಮೇಲು. ಇಂಟರ್‌ಫೆರಾನ್-ಗಾಮಾ ಎಲಿಸ್ಪಾಟ್ (ಆ ಪ್ರೋಟೀನ್ ಸ್ರವಿಸುವ ಪ್ರತಿ ಕೋಶವನ್ನು ಒಂದು ಚುಕ್ಕೆಯಾಗಿ ಎಣಿಸುವ ಪರೀಕ್ಷೆ) ಮಾಡಿ, ತಟ್ಟೆಯ ಪ್ರತಿ ಬಾವಿಗೆ (ಗುಳಿಗೆ) 2 ಲಕ್ಷ ಕೋಶ. ಒಂದು ಸಾಲಿಗೆ ಆಂಟಿಜೆನ್ ಆದ ಇಡೀ ಪ್ರೋಟೀನ್, ಇನ್ನೊಂದಕ್ಕೆ ಅದರದ್ದೇ 15 ಅಮೈನೊ ಆಮ್ಲದ, ಅಕ್ಕಪಕ್ಕದವುಗಳಲ್ಲಿ 11 ಅಮೈನೊ ಆಮ್ಲ ಒಂದರ ಮೇಲೊಂದು ಬರುವ ತುಣುಕುಗಳಾದ ಪೆಪ್ಟೈಡ್‌ಗಳು, ತಲಾ 1 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರಿಗೆ. ಪ್ರೋಟೀನನ್ನು ಯಾರಾದರೂ ಕತ್ತರಿಸಿ ತೋರಿಸಬೇಕು, ಪೆಪ್ಟೈಡಿಗೆ ಆ ಕೆಲಸವಿಲ್ಲ. ಪೆಪ್ಟೈಡಿಗೆ ಚುಕ್ಕೆ ಬಂದು ಪ್ರೋಟೀನಿಗೆ ಬರದಿದ್ದರೆ ಮೆಮೊರಿ ಇದೆ, ತೋರಿಸುವವರ ಕೊರತೆ ಎಂದರ್ಥ. ಟೆಟನಸ್ ಆಂಟಿಬಾಡಿ ಅಳೆದು ಪ್ರಯೋಜನವಿಲ್ಲ, ಸಿಗುವುದು ದಾನಿಗಳದ್ದು.

ಉತ್ತರ | ಮಕ್ಕಳ_ವಾರ್ಡ್

ಬೇರೆ ಜೀನ್ ಹುಡುಕಲು ಇಷ್ಟೇ ಕಾರಣ ಸಾಲದು. ನೈವ್ ಸಿಡಿ4 ಕುಸಿದಿದ್ದರೆ, ಟಿ ಕೋಶವನ್ನು ಕೆರಳಿಸುವ ವಸ್ತುವಾದ ಪಿಎಚ್‌ಎಗೆ ಕೋಶಗಳು ವೃದ್ಧಿಯಾಗದಿದ್ದರೆ, ನ್ಯುಮೊಸಿಸ್ಟಿಸ್ (ಶ್ವಾಸಕೋಶದ ಶಿಲೀಂಧ್ರ ಸೋಂಕು) ಅಥವಾ ಬಿಡದ ಸಿಎಂವಿ ವೈರಸ್ ಸೋಂಕು ಇದ್ದರೆ ಹುಡುಕಿ. ಸಿವಿಐಡಿ (ಆಂಟಿಬಾಡಿ ಕಡಿಮೆಯಾಗುವ ಇನ್ನೊಂದು ಕಾಯಿಲೆ) ಓದಿದ ಕಣ್ಣಿಂದ ಇದನ್ನು ಓದಬೇಡಿ. ಅಲ್ಲಿ ಚಿತ್ರ ತಿರುಗುಮುರುಗು, ನೈವ್ ಕರಗಿ ಮೆಮೊರಿಯ ಪಾಲು ಏರಿರುವುದೇ ಹೆಚ್ಚು.

ಮೆಮೊರಿ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಕೋವಿಡ್ ಎಂಆರ್‌ಎನ್‌ಎ ಲಸಿಕೆಯ ನಂತರ ಎಕ್ಸ್‌ಎಲ್‌ಎ ರೋಗಿಗಳಲ್ಲಿ ಒಳ್ಳೆಯ ಟಿ ಪ್ರತಿಕ್ರಿಯೆ ದಾಖಲಾಗಿದೆ. ಆಂಟಿಬಾಡಿ ಬರುವುದಿಲ್ಲ ಎಂಬ ಕಾರಣಕ್ಕೆ ನಿಷ್ಕ್ರಿಯ ಫ್ಲೂ ಲಸಿಕೆಯನ್ನು ದಯವಿಟ್ಟು ನಿಲ್ಲಿಸಬೇಡಿ. ಎಂಟೆರೊವೈರಸ್ (ಪೋಲಿಯೊ ಸೇರಿದ ವೈರಸ್ ಗುಂಪು) ವಿಷಯ ಬೇರೆ, ಅಲ್ಲಿ ಟಿ ಕೋಶ ಒಂದೇ ಕಾಪಾಡದು. ಐವಿಐಜಿ ಕಿಲೋಗೆ 400ರಿಂದ 600 ಮಿಲಿಗ್ರಾಂ ಇರಲಿ, ಮುಂದಿನ ಡೋಸಿನ ಮುಂಚಿನ ರಕ್ತದ ಐಜಿಜಿ ಆಂಟಿಬಾಡಿ 700ರಿಂದ 800 ಮಿಲಿಗ್ರಾಂ ಪ್ರತಿ ಡೆಸಿಲೀಟರಿಗಿಂತ ಇಳಿಯದಿರಲಿ. ಜೀವಂತ ವೈರಸಿನ ಪಲ್ಸ್ ಪೋಲಿಯೊ ಹನಿ ಈ ಮಗುವಿಗೆ ಬೇಡ, ಅದೇ ಮನೆಯ ತಮ್ಮ ತಂಗಿಯರಿಗೂ ಬೇಡ. ಅವರಿಗೆ ಚುಚ್ಚುಮದ್ದಿನ ಪೋಲಿಯೊ ಲಸಿಕೆ. ಮನೆ ಬಾಗಿಲಿಗೆ ಬರುವ ಕಾರ್ಯಕರ್ತೆಗೆ ತೋರಿಸಲು ಒಂದು ಚೀಟಿ ಬರೆದುಕೊಡಿ.

ಫ್ಲೋ_ಮೇಜು

ಎಲಿಸ್ಪಾಟಿಗೆ ಫ್ರೀಜ್ ಮಾಡಿದ ಕೋಶ ನಡೆಯುತ್ತದೆಯೇ?

ಪಿಬಿಎಂಸಿ

ನಡೆಯುತ್ತದೆ. ಕರಗಿಸಿದ ಮೇಲೆ ಕೆಲವು ಗಂಟೆ 37 ಡಿಗ್ರಿಯಲ್ಲಿ ಬಿಡಿ, ಬದುಕಿದ ಕೋಶಗಳನ್ನು ಮತ್ತೆ ಎಣಿಸಿ ಆಮೇಲೆ ಬಾವಿಗೆ ಹಾಕಿ. ಫಿನೋಟೈಪಿಂಗ್ (ಗುರುತು ನೋಡಿ ಕೋಶದ ಬಗೆ ಹೇಳುವುದು) ಮಾತ್ರ ತಾಜಾ ರಕ್ತದಲ್ಲೇ ಆಗಲಿ, ಫ್ರೀಜ್ ಆದ ಕೋಶದ ಮೇಲ್ಮೈಯಿಂದ ಸಿಡಿ62ಎಲ್ (ನೈವ್, ಮೆಮೊರಿ ಬೇರ್ಪಡಿಸುವ ಇನ್ನೊಂದು ಗುರುತು) ಉದುರಿಹೋಗಿರುತ್ತದೆ.