ಪುಟ್ಟಿಯ ವಾಯ್ಸ್ ಮೆಸೇಜಿಗೆ ಮಾವನ ಉತ್ತರ

ಪುಟ್ಟಿ, ಮಾವ ಮಾತಾಡುತ್ತಿದ್ದೇನೆ. ಟೈಪ್ ಮಾಡಲು ಕೂತರೆ ಬೆಳಗಾಗುತ್ತದೆ, ಅದಕ್ಕೇ ಹೀಗೆ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಯಾರೂ.

ನಿನ್ನ ಮೆಸೇಜ್ ಪೂರ್ತಿ ಕೇಳಿದೆ. ಗ್ರೂಪಿನಲ್ಲಿ ಇನ್ನೂ ಕೇಳದವರಿಗೆ ಹೇಳುತ್ತೇನೆ. ಕೋಲಾರದಲ್ಲಿ ಬಿ.ಎಸ್ಸಿ ನರ್ಸಿಂಗ್ ಸೇರಿದ ನಮ್ಮ ಹುಡುಗಿಗೆ ಈಗ ಮೊದಲ ವಾರ್ಡ್ ಪೋಸ್ಟಿಂಗ್. ಮೆಡಿಕಲ್ ವಾರ್ಡಿನಲ್ಲಿ ಇವಳು ದಿನಾ ಗಂಜಿ ಕುಡಿಸುತ್ತಿದ್ದ ತಾತ ಒಬ್ಬರು ತೀರಿಕೊಂಡರು. ಬೆಳಿಗ್ಗೆ ಹೋಗಿ ನೋಡಿದರೆ ಆ ಬೆಡ್ಡಿನಲ್ಲಿ ಬೇರೆ ರೋಗಿ. ಅದೇ ದಿನ ಚಾರ್ಟ್ ಬರೆಯುವುದು ತಡವಾಯಿತು ಎಂದು ಇನ್‌ಚಾರ್ಜ್ ಸಿಸ್ಟರ್ ರೋಗಿಗಳ ಎದುರೇ ಬೈದರು. ಅರ್ಧ ಜನ ತೆಲುಗಿನಲ್ಲಿ ಮಾತಾಡುತ್ತಾರೆ, ಗುಬ್ಬಿ ಕಡೆಯ ಹುಡುಗಿಗೆ ಅದು ಅರ್ಥ ಆಗುವುದಿಲ್ಲ. "ಯಾರನ್ನು ನೋಡಿಕೊಂಡು ನಾನು ಇದರಲ್ಲಿ ಮುಂದುವರಿಯಲಿ ಮಾವ?" ಎಂದು ಕೇಳಿದ್ದಾಳೆ. ಅದಕ್ಕೆ ಭಾವ "ಬಿಟ್ಟು ಬಾ ಮಗಳೇ, ಬಿ.ಕಾಂ ಸೇರಿಸುತ್ತೇನೆ" ಎಂದು ಹಾಕಿದ್ದಾರೆ. ಅಕ್ಕ ಅಳುವ ಎಮೋಜಿ ಹಾಕಿದ್ದಾಳೆ. ಉಳಿದವರು ನರ್ಸಿಂಗಿಗೆ ದಾರಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ಫೋಟೋ ಫಾರ್ವರ್ಡ್ ಮಾಡಿ ಗುಡ್ ನೈಟ್ ಹೇಳಿದ್ದೀರಿ.

ಮೊದಲು ಆ ತಾತನ ವಿಷಯ. ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದು ಪಕ್ಕದ ಬೆಡ್ಡಿನ ಬಿಪಿ ನೋಡಿದೆ ಎಂದೆಯಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನರ್ಸಾಗಿ ಇಷ್ಟು ಸರ್ವಿಸ್ ಆದ ಮೇಲೂ ನನಗೆ ಕೆಲವು ಬೆಡ್ ನಂಬರ್ ಮರೆತಿಲ್ಲ. ಆದರೆ ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಯಾರಿಗೂ ಹೇಳದೆ ಮುಸುಕು ಹಾಕಿಕೊಂಡು ಮಲಗಿದೆ ಎಂದೆ ನೋಡು, ಅದು ನನಗೆ ಹಿಡಿಸಲಿಲ್ಲ. ಶಿಫ್ಟ್ ಮುಗಿದ ಮೇಲೆ ಹ್ಯಾಂಡೋವರ್ ಕೊಡದೆ ನಾವು ವಾರ್ಡ್ ಬಿಡುವ ಹಾಗಿಲ್ಲ, ಅಲ್ವಾ? ಯಾವ ಡ್ರಿಪ್ ಎಷ್ಟು ಉಳಿದಿದೆ, ಯಾರಿಗೆ ಇನ್ಸುಲಿನ್ ಆಗಿದೆ, ಯಾರಿಗೆ ಮೂತ್ರ ಕಮ್ಮಿ ಹೋಗಿದೆ, ಎಲ್ಲ ಬಾಯಿಬಿಟ್ಟು ಹೇಳಿ ಬರಬೇಕು. ಮನಸ್ಸಿನಲ್ಲಿ ಉಳಿದಿದ್ದನ್ನೂ ಹಾಗೇ ಯಾರಿಗಾದರೂ ಒಪ್ಪಿಸಿ ಮಲಗಬೇಕು. ನೀನು ಕೇಳಿದ್ದು ಯಾರನ್ನು ನೋಡಿಕೊಂಡು ಮುಂದುವರಿಯಲಿ ಅಂತ. ನಾನು ಹೇಳುವುದು, ಯಾರಿಗೆ ಹೇಳಿಕೊಳ್ಳಬಹುದು ಅನ್ನುವವರನ್ನು ಮೊದಲು ಹುಡುಕಿಕೋ. ನೋಡಿ ಕಲಿಯುವಂಥವರು ಆಮೇಲೆ ತಾವಾಗಿಯೇ ಸಿಗುತ್ತಾರೆ.

ನನಗೆ ಸಿಕ್ಕಿದ್ದೂ ಹಾಗೇ. ನಾನು ಜಿಎನ್ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಸೇರಿದಾಗ ಕ್ಲಾಸಿನಲ್ಲಿ ಹುಡುಗರು ಬೆರಳೆಣಿಕೆಯಷ್ಟು. ಊರಿನಲ್ಲಿ "ಗಂಡಸಾಗಿ ಬೆಡ್‌ಪ್ಯಾನ್ ಎತ್ತುತ್ತಾನಂತೆ" ಎಂದು ನಗುತ್ತಿದ್ದರು. ಭಾವ, ನೀವೂ ನಕ್ಕಿದ್ದಿರಿ, ಇರಲಿ ಬಿಡಿ. ರಾತ್ರಿ ಡ್ಯೂಟಿಯಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದರು. ಜಾಸ್ತಿ ಮಾತಿಲ್ಲ, ನಗುವುದಂತೂ ಇಲ್ಲವೇ ಇಲ್ಲ. ಆದರೆ ಪಾರ್ಶ್ವವಾಯು ಆಗಿ ಪ್ರಜ್ಞೆ ಇಲ್ಲದೆ ಮಲಗಿದ್ದವರನ್ನು ಮಗ್ಗುಲು ತಿರುಗಿಸುವಾಗ ಮಾತ್ರ ಮಾತಾಡುತ್ತಿದ್ದರು. "ತಾತ, ಈಗ ಎಡಕ್ಕೆ ಹೊರಳೋಣ. ಬೆನ್ನು ಒರೆಸುತ್ತೇನೆ, ನೀರು ತಣ್ಣಗಿದೆ" ಅಂತ. ಅವರಿಗೆ ಕೇಳಿಸುತ್ತದಾ ಸಿಸ್ಟರ್ ಎಂದೆ. "ಮಾತಾಡದೆ ಮುಟ್ಟಿದರೆ ನಾನು ದಿಂಬು ಎತ್ತಿದ ಹಾಗೆ ಎತ್ತಿಬಿಡುತ್ತೇನೆ ಕಣೋ" ಎಂದರು. ಅಷ್ಟೇ. ಆಮೇಲೆ ಹೋಗಿ ಟೀ ಕಾಯಿಸಿದರು, ನನಗೂ ಒಂದು ಲೋಟ ಕೊಟ್ಟರು. ಅವರಿಗೆ ಯಾವ ಪದಕವೂ ಬರಲಿಲ್ಲ. ನಾನು ಇವತ್ತಿಗೂ ಮಾತಾಡಿಸಿಯೇ ರೋಗಿಯನ್ನು ಮುಟ್ಟುವುದು.

ಈ ಮಗ್ಗುಲು ತಿರುಗಿಸುವ ಕೆಲಸ ಇದೆಯಲ್ಲ, "ಬರೀ ಬೆಡ್ ಮೇಕಿಂಗ್, ಸ್ಪಂಜ್ ಬಾತ್, ಇದಕ್ಕೆ 4 ವರ್ಷ ಓದಬೇಕಾ" ಎಂದೆಯಲ್ಲ ನೀನು, ಅದಕ್ಕೆ ಒಬ್ಬರ ವಿಷಯ ಹೇಳಲೇಬೇಕು. ಅರುಣಾ ಶಾನಭಾಗ ಹೆಸರು ಕೇಳಿದ್ದೀಯಾ? ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರಲ್ಲಿ ಅಲ್ಲಿಯ ಒಬ್ಬ ಕೆಲಸಗಾರನೇ ಅವರ ಮೇಲೆ ಭೀಕರ ಹಲ್ಲೆ ಮಾಡಿದ. ಮಿದುಳಿಗೆ ಏಟಾಗಿ ಹಾಸಿಗೆ ಹಿಡಿದವರು ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೂ, ಅಂದರೆ 41 ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ತಿನ್ನಿಸಿದರು, ಮೈ ಒರೆಸಿದರು, ಹೊರಳಿಸಿದರು. ಅವರನ್ನು ಸಾಯಲು ಬಿಡಬೇಕು ಎನ್ನುವ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಈ ನರ್ಸ್‌ಗಳು ಬೇಡವೇ ಬೇಡ ಎಂದರು. 2011ರಲ್ಲಿ ಕೋರ್ಟು ಆ ಅರ್ಜಿಯನ್ನು ಒಪ್ಪಲಿಲ್ಲ. ಅರುಣಾ ಪರವಾಗಿ ಮಾತಾಡಬೇಕಾದವರು ಇಷ್ಟು ವರ್ಷ ನೋಡಿಕೊಂಡ ಕೆಇಎಂ ಸಿಬ್ಬಂದಿಯೇ ಎಂದಿತು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಬೆಡ್ ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಆಗಿರಲಿಲ್ಲ ಎನ್ನುವುದು ಆಗ ಎಲ್ಲರ ಬಾಯಲ್ಲೂ ಬಂತು.

ಆ ಕೇಸಿನ ಸರಿ ತಪ್ಪು ಬೇರೆ ಮಾತು. ಅದರ ಬಗ್ಗೆ ನಮ್ಮ ವಾರ್ಡಿನಲ್ಲೇ ಎರಡು ಅಭಿಪ್ರಾಯ ಇದೆ. ನನಗೆ ತಲೆಯಲ್ಲಿ ಉಳಿದಿದ್ದು ಇದು. ಬೆಡ್ ಸೋರ್ ಆಗಬಾರದು ಎಂದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಚರ್ಮ ಒದ್ದೆ ಇರಬಾರದು, ಹಾಸಿದ ಶೀಟಿನಲ್ಲಿ ಸುಕ್ಕು ಇರಬಾರದು. ನಿನ್ನ ಫಂಡಮೆಂಟಲ್ಸ್ ಪುಸ್ತಕದಲ್ಲಿ ಇರುವುದೇ ಇಷ್ಟು. ಅದನ್ನು ಬೆಳಿಗ್ಗೆಯವರು ಮಾಡಿ ಮಧ್ಯಾಹ್ನದವರಿಗೆ ಹೇಳಿ, ಅವರು ರಾತ್ರಿಯವರಿಗೆ ಹೇಳಿ, ಹಬ್ಬ, ಭಾನುವಾರ, ಮುಂಬೈ ಮಳೆ ಯಾವುದನ್ನೂ ನೋಡದೆ 40 ವರ್ಷ ನಡೆಸಿದರು. ಆಗಿದ್ದವರು ರಿಟೈರ್ ಆಗಿ, ಅರುಣಾ ನಡೆದಾಡಿದ್ದನ್ನು ನೋಡೇ ಇಲ್ಲದ ಹುಡುಗಿಯರು ಬಂದು ಮುಂದುವರಿಸಿದರು. ಅವರಲ್ಲಿ ನಿನ್ನ ಥರ ಕೈ ನಡುಗುತ್ತಿದ್ದ ಹೊಸಬರೂ ಇದ್ದಿರಲೇಬೇಕಲ್ಲವಾ?

ಆ ನೈಟಿಂಗೇಲ್ ಫೋಟೋ ಕಳಿಸಿದವರಿಗೂ ಒಂದು ಮಾತು. ದೀಪ ಸರಿ. ಆದರೆ ಆಯಮ್ಮನ ಕೈಯಲ್ಲಿ ದೀಪಕ್ಕಿಂತ ಜಾಸ್ತಿ ಹೊತ್ತು ಇದ್ದಿದ್ದು ಪೆನ್ನು. 1854ರಲ್ಲಿ 38 ನರ್ಸ್‌ಗಳನ್ನು ಕಟ್ಟಿಕೊಂಡು ಕ್ರಿಮಿಯಾ ಯುದ್ಧದ ಆಸ್ಪತ್ರೆಗೆ ಹೋದರು. ಸೈನಿಕರು ಗಾಯದಿಂದ ಸತ್ತಿದ್ದಕ್ಕಿಂತ ಗಲೀಜಿನಿಂದ ಬರುವ ಕಾಯಿಲೆಗೆ ಸತ್ತಿದ್ದೇ ಜಾಸ್ತಿ ಎಂದು ಲೆಕ್ಕ ಹಾಕಿ, 1858ರಲ್ಲಿ ಬಣ್ಣದ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದರು. ಪುಟ್ಟಿ, ನೀನು ಬೈಸಿಕೊಂಡ ಆ ಟಿಪಿಆರ್ ಚಾರ್ಟ್, ಜ್ವರ, ನಾಡಿ, ಉಸಿರಾಟ ಬರೆಯುವುದು, ಅದೇ ಜಾತಿಯದು. ಸಿಸ್ಟರ್ ಬೈದ ರೀತಿ ತಪ್ಪು. ಬೈದ ವಿಷಯ ತಪ್ಪಲ್ಲ.

ಒಂದು ನಿಮಿಷ ಇರಿ, ಹಾಲು ಉಕ್ಕುತ್ತಿದೆ.

ಹಾಂ, ಬಂದೆ. ಇನ್‌ಚಾರ್ಜ್ ಸಿಸ್ಟರ್ ವಿಷಯ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಕಾಲೇಜು ಇರುವ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ 3 ರೋಗಿಗೆ ಒಬ್ಬ ನರ್ಸ್ ಇರಬೇಕು, ಬೇರೆ ಆಸ್ಪತ್ರೆಯಲ್ಲಿ 5ಕ್ಕೆ ಒಬ್ಬರು. ನಿಮ್ಮ ವಾರ್ಡಿನಲ್ಲಿ ಎಷ್ಟು ಬೆಡ್ ಇವೆ, ರಾತ್ರಿ ಎಷ್ಟು ಜನ ಸಿಸ್ಟರ್ ಇರುತ್ತಾರೆ, ನೀನೇ ಎಣಿಸು. ಅವರ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ. ಹಾಗಂತ ರೋಗಿಯ ಎದುರು ವಿದ್ಯಾರ್ಥಿಯನ್ನು ಕುಗ್ಗಿಸುವುದು ಸರಿಯಲ್ಲ. ಒಂದು ಸಲ ಆದರೆ ನುಂಗಿಕೋ. ದಿನಾ ಹಾಗೇ ಆದರೆ ನಿಮ್ಮ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಮೇಡಂ ಹತ್ತಿರ ಹೋಗಿ ಹೇಳು. ಚಾಡಿ ಅಂದುಕೊಳ್ಳಬೇಡ, ಅವರು ಇರುವುದೇ ಅದಕ್ಕೆ. ಅದಕ್ಕೂ ಮೊದಲು ಒಂದು ಮಾಡಿ ನೋಡು. ವಾರ್ಡಿನಲ್ಲಿ ಗಲಾಟೆ ಇಲ್ಲದ ಹೊತ್ತಿನಲ್ಲಿ ಸಿಸ್ಟರ್ ಪಕ್ಕ ನಿಂತು "ಸಿಸ್ಟರ್, ರೈಲ್ಸ್ ಟ್ಯೂಬ್ ಫೀಡ್ ಕೊಡುವುದು ನೀವು ಒಂದು ಸಲ ತೋರಿಸಿಕೊಡಿ" ಎಂದು, ಆ ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದನ್ನು, ಕೇಳು. ಬೈಯುವವರಲ್ಲಿ ಅರ್ಧ ಜನ ಕಲಿಸುವುದರಲ್ಲಿ ಗಟ್ಟಿಗರು. ಇನ್ನರ್ಧ ಸುಮ್ನೆ ಬೈಯುವವರು, ಅವರ ಹತ್ತಿರ ಕೆಲಸ ಮುಗಿಸಿ ಬಂದುಬಿಡು.

ತೆಲುಗಿಗೆ ಹೆದರಬೇಡ. ನಿಮ್ಮ ವಾರ್ಡಿನ ಆಯಾ ಹತ್ತಿರ ದಿನಕ್ಕೆ ಎರಡು ಮಾತು ಕಲಿ. "ಎಕ್ಕಡ ನೊಪ್ಪಿ", "ಅನ್ನಂ ತಿನ್ನಾರಾ" ಇಷ್ಟು ಬಂದರೆ ಮುದುಕರು ಉಳಿದಿದ್ದನ್ನು ಅವರೇ ಕಲಿಸುತ್ತಾರೆ. ಕೆಜಿಎಫ್ ಕಡೆಯವರು ಬಂದರೆ ತಮಿಳೂ ಬರುತ್ತದೆ, ಕೋಲಾರದಲ್ಲಿ ಕೆಲಸ ಕಲಿತವರಿಗೆ ಭಾಷೆ ಬಿಟ್ಟಿ. ಆಯಾಗಳ ಜೊತೆ ಚೆನ್ನಾಗಿರು. ಯಾವ ರೋಗಿಗೆ ಮನೆಯವರು ಬರುವುದಿಲ್ಲ, ಯಾರು ಊಟ ಮುಚ್ಚಿಟ್ಟು ಮಲಗುತ್ತಾರೆ, ಎಲ್ಲ ಅವರಿಗೇ ಮೊದಲು ಗೊತ್ತಾಗುವುದು.

ಹಾಸ್ಟೆಲಿನಲ್ಲಿ ಫೈನಲ್ ಇಯರ್ ಅಕ್ಕ ಒಬ್ಬಳನ್ನು ಹಿಡಿದುಕೋ. ರೋಗಿಗೆ ಏನೇನು ಆರೈಕೆ ಬೇಕು ಎನ್ನುವ ಕೇರ್ ಪ್ಲಾನ್ ಹೇಗೆ ಬರೆಯುವುದು, ಕೇಸ್ ಬುಕ್ ಯಾವಾಗಿಂದ ತುಂಬಿಸಬೇಕು, ನನಗಿಂತ ಚೆನ್ನಾಗಿ ಅವಳೇ ಹೇಳುತ್ತಾಳೆ. ಕಾಲೇಜಿನಲ್ಲಿ ಎಸ್ಎನ್ಎ ಇದ್ದರೆ ಸೇರಿಕೋ. ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್. 1908ರಲ್ಲಿ ಶುರುವಾದ ಟಿಎನ್ಎಐ ಎನ್ನುವ ನರ್ಸ್‌ಗಳ ಸಂಘದ ವಿದ್ಯಾರ್ಥಿ ವಿಭಾಗ ಅದು, 1929ರಿಂದ ಇದೆ. ಡ್ಯಾನ್ಸು, ಪೋಸ್ಟರ್ ಕಾಂಪಿಟಿಷನ್ನು ಅಂತ ಮೂಗು ಮುರಿಯಬೇಡ, ಬೇರೆ ಕಾಲೇಜಿನವರ ಪರಿಚಯ ಆಗುವುದು ಅಲ್ಲೇ. ಭಾನುವಾರ ಆಫ್ ಸಿಕ್ಕರೆ ರೂಮಿನವರನ್ನು ಎಬ್ಬಿಸಿಕೊಂಡು ಅಂತರಗಂಗೆ ಬೆಟ್ಟ ಹತ್ತಿ ಬಾ. ಕೈಯಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಬೇಡ, ಕೋತಿಗಳು ಬಿಡುವುದಿಲ್ಲ.

ಇದನ್ನು ಮಾತ್ರ ಗಮನ ಕೊಟ್ಟು ಕೇಳು. ಸೂಜಿ ಚುಚ್ಚಿಕೊಂಡರೆ ಬೈಯುತ್ತಾರೆ ಎಂದು ಮುಚ್ಚಿಡಬೇಡ. ಹಿಂಡಬೇಡ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆ, ಆ ಕ್ಷಣವೇ ಹೇಳು. ಎಚ್ಐವಿ ತಡೆಯುವ ಔಷಧಿ ಬೇಕು ಅಂತ ಡಾಕ್ಟರ್ ಹೇಳಿದರೆ ಅದನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ? ಮೊದಲನೆಯದು ಆಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರನೆಯದನ್ನೇ ಎಲ್ಲರೂ ಮರೆಯುವುದು.

ಇನ್ನೊಂದು. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಅದೇ ಬೆಡ್ಡು ಕಣ್ಣಮುಂದೆ ಬರುತ್ತಿದೆ ಎಂದು ವಾರಗಟ್ಟಲೆ ನಡೆದರೆ 14416ಕ್ಕೆ ಫೋನ್ ಮಾಡು. ಟೆಲಿಮಾನಸ್ ಅಂತ, ಸರ್ಕಾರದ್ದು, 2022ರಿಂದ ನಡೆಯುತ್ತಿದೆ. ದಿನದ 24 ಗಂಟೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ನಾನು ರೋಗಿಗಳ ಮನೆಯವರಿಗೆ ಈ ನಂಬರ್ ಬರೆದುಕೊಡುತ್ತಿರುತ್ತೇನೆ, ನಮ್ಮ ಸ್ಟಾಫಿಗೂ ಕೊಟ್ಟಿದ್ದೇನೆ.

ಈಗ ಭಾವ, ನಿಮಗೆ. ನೀವು ಮಗಳ ಮೇಲಿನ ಪ್ರೀತಿಗೇ ಬಿಟ್ಟು ಬಾ ಎಂದಿರಿ, ಗೊತ್ತು. ಆದರೆ ಮೊದಲ ಪೋಸ್ಟಿಂಗ್ ನೋಡಿ ತೀರ್ಮಾನ ಮಾಡಬೇಡಿ. ಮೆಡಿಕಲ್ ವಾರ್ಡ್ ಅಂದರೆ ಮುದುಕರು, ಉಬ್ಬಸ, ಶುಗರ್, ಸ್ಟ್ರೋಕ್. ಅಲ್ಲಿ ಸಾವು ಜಾಸ್ತಿ. ಮುಂದೆ ಮಕ್ಕಳ ವಾರ್ಡ್ ಇದೆ, ಹೆರಿಗೆ ವಾರ್ಡ್ ಇದೆ, ಹಳ್ಳಿಗೆ ಹೋಗುವ ಕಮ್ಯುನಿಟಿ ಪೋಸ್ಟಿಂಗ್ ಇದೆ. ಹೆರಿಗೆ ವಾರ್ಡಿನಲ್ಲಿ ಮಗು ಕೈಗೆ ಬಂದ ದಿನ ಇವಳು ಇದೇ ಗ್ರೂಪಿಗೆ ಬೇರೆ ಥರ ಮೆಸೇಜ್ ಹಾಕಬಹುದು. ಹಾಕದೆಯೂ ಇರಬಹುದು. ಎಲ್ಲ ಸುತ್ತಿ ನೋಡಿದ ಮೇಲೂ ಬೇಡ ಎಂದರೆ, ಕೋಲಾರಕ್ಕೆ ಹೋಗಿ ಅವಳ ಟ್ರಂಕು ನಾನೇ ಹೊತ್ತು ತರುತ್ತೇನೆ. ನೀವು ಬರುವುದೂ ಬೇಡ.

ಅಕ್ಕಾ, ಡ್ಯೂಟಿ ಹೊತ್ತಿನಲ್ಲಿ ಅವಳಿಗೆ ಫೋನ್ ಮಾಡಬೇಡ. ತೆಗೆಯಲಿಲ್ಲ ಎಂದು ನೀನು ಗಾಬರಿ, ಬೈಸಿಕೊಂಡು ಅವಳು ಗಾಬರಿ. ರಾತ್ರಿ ಮಾಡು. ಇಂಟರ್ನಲ್ ಮಾರ್ಕ್ಸ್ ಎಷ್ಟು ಬಂತು ಅಂತ ಶುರು ಮಾಡಬೇಡ, ಇವತ್ತು ವಾರ್ಡಿನಲ್ಲಿ ಏನಾಯಿತು ಅಂತ ಕೇಳು. ನಿನಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ಹೂಂ ಅನ್ನುತ್ತಾ ಕೇಳು. ಮುಂದಿನ ಸಲ ಯಾರಾದರೂ ಆ ಕಡೆ ಹೋದರೆ ಹುರಳಿಕಾಳು ಚಟ್ನಿಪುಡಿ ಕಳಿಸು, ಹಾಸ್ಟೆಲ್ ಸಾರಿನ ಬಗ್ಗೆ ಅವಳು ಹೇಳಿಲ್ಲ, ನಾನು ಹೇಳುತ್ತಿದ್ದೇನೆ. ಮತ್ತೆ ಇನ್ನು ಮೇಲೆ ಈ ಗ್ರೂಪಿನಲ್ಲಿ "ಕೋರ್ಸ್ ಮುಗಿದ ಮೇಲೆ ಯಾವ ದೇಶ" ಎಂದು ಯಾರೂ ಕೇಳಬೇಡಿ. ಅವಳು ಇನ್ನೂ ಥರ್ಮಾಮೀಟರ್ ಹಿಡಿಯುವುದು ಕಲಿಯುತ್ತಿದ್ದಾಳೆ.

ಪುಟ್ಟಿ, ಅರ್ಧ ಬರೆದು ಬಿಟ್ಟ ಆ ತಾತನ ಕೇರ್ ಪ್ಲಾನ್ ಹರಿದು ಹಾಕಬೇಡ, ಪೂರ್ತಿ ಮಾಡು. ಎಲ್ಲಿ ನಿಂತಿದ್ದೀಯೋ ಆ ಪುಟದ ಫೋಟೋ ಕಳಿಸು, ಡಯಾಗ್ನೋಸಿಸ್ ಬರೆಯುವುದನ್ನು ನಾನು ಹೇಳಿಕೊಡುತ್ತೇನೆ. ಗ್ರೂಪಿಗೆ ಹಾಕಬೇಡ ಮತ್ತೆ. ರೋಗಿಯ ಹೆಸರು, ಆಸ್ಪತ್ರೆ ಕೊಟ್ಟ ಐಪಿ ನಂಬರ್ ಮುಚ್ಚಿ ನನ್ನ ನಂಬರಿಗೆ ಮಾತ್ರ ಕಳಿಸು. ನಾಳೆ ನನಗೆ ಮಧ್ಯಾಹ್ನದ ಡ್ಯೂಟಿ, ಬೆಳಿಗ್ಗೆ ಹತ್ತರ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡು.