ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೂ ಅಪ್ಪನನ್ನು ಎಕಾನಮಿಯಲ್ಲಿ ಕೂರಿಸಿದರು. 300 ಯೂರೋ ವೋಚರ್ ತಗೊಂಡು ಸುಮ್ಮನಿರಬೇಕಾ?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಊರು ಶಿವಮೊಗ್ಗ, ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಪ್ಪ ಅಮ್ಮ ಎರಡು ತಿಂಗಳು ನಮ್ಮ ಜೊತೆ ಇದ್ದು ಹೋದ ವಾರ ವಾಪಸ್ ಹೋದರು. ಅಮ್ಮನಿಗೆ ಎರಡೂ ಮಂಡಿಯ ಆಪರೇಷನ್ ಆಗಿದೆ. ಅಪ್ಪನಿಗೆ 72 ವರ್ಷ, ಸೊಂಟನೋವು ಬೇರೆ. ಕಾಲು ಚಾಚಿ ಮಲಗಿಕೊಂಡು ಹೋಗಲಿ ಅಂತ ಇಬ್ಬರಿಗೂ ಬೆಂಗಳೂರು–ಫ್ರಾಂಕ್‌ಫರ್ಟ್ ಹೋಗಿ ಬರುವ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆದೆ. ಒಬ್ಬೊಬ್ಬರಿಗೆ 2,600 ಯೂರೋ. ಒಂದೂವರೆ ವರ್ಷ ಕೂಡಿಟ್ಟ ದುಡ್ಡು.

ನಾನೇ ರೈಲಿನಲ್ಲಿ ಫ್ರಾಂಕ್‌ಫರ್ಟ್‌ವರೆಗೆ ಹೋಗಿ ಚೆಕ್-ಇನ್ ಮಾಡಿಸಿದೆ. 4ಡಿ, 4ಜಿ, ಅಕ್ಕಪಕ್ಕದ ಸೀಟು. ಸೆಕ್ಯುರಿಟಿ ಹತ್ತಿರ ಕೈ ಬೀಸಿ ವಾಪಸ್ ಬಂದೆ. ಆಮೇಲೆ ಗೇಟಿನಲ್ಲಿ ಅಪ್ಪನ ಹೆಸರು ಕೂಗಿದ್ದಾರೆ. ಬಿಸಿನೆಸ್‌ನಲ್ಲಿ ಒಂದು ಸೀಟು ಕಡಿಮೆ ಬಿದ್ದಿದೆ, ನಿಮ್ಮಲ್ಲಿ ಒಬ್ಬರು ಎಕಾನಮಿಗೆ ಹೋಗುತ್ತೀರಾ, 300 ಯೂರೋ ವೋಚರ್ ಕೊಡುತ್ತೇವೆ ಅಂದರಂತೆ. ಒಪ್ಪದಿದ್ದರೆ ಇಬ್ಬರನ್ನೂ ಬಿಟ್ಟು ಹೋಗುತ್ತಾರೆ ಅಂತ ಅಪ್ಪ ತಿಳಿದುಕೊಂಡರು. "ಅವಳನ್ನು ಮಾತ್ರ ಅಲ್ಲೇ ಕೂರಿಸಿ" ಅಂತ ಹೇಳಿ, ಕೊಟ್ಟ ಕಾಗದಕ್ಕೆ ಸಹಿ ಹಾಕಿದ್ದಾರೆ. ಅಪ್ಪನಿಗೆ ಸಿಕ್ಕಿದ್ದು 38ನೇ ಸಾಲಿನ ಮಧ್ಯದ ಸೀಟು. ಎಂಟೂವರೆ ಗಂಟೆ ಹಾಗೇ ಕೂತಿದ್ದಾರೆ. ಅಮ್ಮ ಎರಡು ಸಲ ಎದ್ದು ಹಿಂದೆ ಹೋಗಿ ನೋಡಿ ಬಂದರಂತೆ.

ಬೆಂಗಳೂರು ಮುಟ್ಟುವವರೆಗೆ ನನಗೆ ಒಂದು ಮಾತೂ ತಿಳಿಸಲಿಲ್ಲ. ಈಗ ಕೇಳಿದರೆ "ಅಮ್ಮನಿಗೆ ತೊಂದರೆ ಆಗಲಿಲ್ಲವಲ್ಲ, ಬಿಡು ಮಗಾ" ಅನ್ನುತ್ತಾರೆ. ನನಗೆ ಬಿಡಲು ಆಗುತ್ತಿಲ್ಲ. ವೋಚರ್ ಒಂದು ವರ್ಷ ಮಾತ್ರ ನಡೆಯುತ್ತದೆ, ಅದೇ ಕಂಪನಿಯ ವಿಮಾನಕ್ಕೆ. ಅಷ್ಟರಲ್ಲಿ ಅಪ್ಪ ಮತ್ತೆ ವಿಮಾನ ಹತ್ತುವುದೇ ಇಲ್ಲ.

ದುಡ್ಡು ತಗೊಂಡ ಸೀಟನ್ನು ಇನ್ನೊಬ್ಬರಿಗೂ ಮಾರಬಹುದಾ? ಸಹಿ ಹಾಕಿದ ಮೇಲೆ ಕತೆ ಮುಗಿಯಿತಾ? ಗೊತ್ತಿರುವವರು ದಯವಿಟ್ಟು ಹೇಳಿ.

ದೇವನಹಳ್ಳಿ ಗೇಟ್

ಮೇಡಂ, ಓದಿ ಬೇಜಾರಾಯಿತು. ನಾನು ಹನ್ನೊಂದು ವರ್ಷ ಬೆಂಗಳೂರು ಏರ್‌ಪೋರ್ಟಿನಲ್ಲಿ ಚೆಕ್-ಇನ್, ಗೇಟ್ ಎರಡೂ ಕಡೆ ಕೆಲಸ ಮಾಡಿದವನು. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ.

ಓವರ್‌ಬುಕಿಂಗ್ ಕಾನೂನಿಗೆ ವಿರುದ್ಧ ಅಲ್ಲ. ಟಿಕೆಟ್ ತೆಗೆದವರಲ್ಲಿ ಕೆಲವರು ಬರುವುದೇ ಇಲ್ಲ ಎಂಬ ಲೆಕ್ಕದ ಮೇಲೆ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುತ್ತಾರೆ. ಬಿಸಿನೆಸ್ ಕ್ಲಾಸ್‌ನಲ್ಲಿ ಕೊನೇ ಗಳಿಗೆಯಲ್ಲಿ ತಾರೀಕು ಬದಲಾಯಿಸುವವರು ಇರುತ್ತಾರೆ. ಹಿಂದಿನ ವಿಮಾನ ತಡವಾಗಿ ತಪ್ಪಿಸಿಕೊಳ್ಳುವವರೂ ಇರುತ್ತಾರೆ. ಎಕಾನಮಿ ತುಂಬಿ ಹೋದರೆ ನಮಗೆ ಸುಲಭ, ನಾಲ್ಕು ಜನರನ್ನು ಮುಂದಿನ ಕ್ಲಾಸ್‌ಗೆ ಏರಿಸುತ್ತೇವೆ. ಬಿಸಿನೆಸ್ಸೇ ತುಂಬಿದರೆ ಏರಿಸಲು ಮೇಲೆ ಜಾಗ ಎಲ್ಲಿದೆ? ಫಸ್ಟ್ ಕ್ಲಾಸ್ ಇರುವ ವಿಮಾನಗಳು ಕಡಿಮೆ. ಆಗ ಯಾರನ್ನಾದರೂ ಕೆಳಗೆ ಇಳಿಸಲೇಬೇಕು. ಓವರ್‌ಬುಕಿಂಗ್ ಒಂದೇ ಕಾರಣ ಅಲ್ಲ. ವಿಮಾನ ಬದಲಾಗಿ ಚಿಕ್ಕ ಕ್ಯಾಬಿನ್ ಬಂದರೂ, ಒಂದು ಸೀಟು ಕೆಟ್ಟು ನಿಂತರೂ ಇದೇ ಗತಿ.

ಯಾರನ್ನು ಇಳಿಸುತ್ತಾರೆ ಅಂತ ಕೇಳಿದರೆ ನಿಜ ಹೇಳುತ್ತೇನೆ. ಆ ಕಂಪನಿಯ ಕಾರ್ಡ್ ಇಟ್ಟುಕೊಂಡು ತಿಂಗಳಿಗೆರಡು ಸಲ ಓಡಾಡುವವರನ್ನು ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಬರುವ ನಿಮ್ಮ ಅಪ್ಪನಂಥವರೇ ಪಟ್ಟಿಯ ಕೆಳಗೆ ಇರುತ್ತಾರೆ. ವಯಸ್ಸಾದವರು ಜಗಳ ಆಡುವುದಿಲ್ಲ ಎಂಬುದೂ ಗೇಟಿನಲ್ಲಿ ನಿಂತವರಿಗೆ ಗೊತ್ತು. ಈ ಕೆಲಸ ನಾನೂ ಮಾಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನಃಪೂರ್ವಕವಾಗಿ ಬಿಟ್ಟುಕೊಡುವವರನ್ನು ಕೇಳುವುದೇ ಸರಿಯಾದ ದಾರಿ. ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 1968ರಲ್ಲೇ ಹೇಳಿದ್ದರು. ಎಷ್ಟು ಕೊಟ್ಟರೆ ಇಳಿಯುತ್ತೀರಿ ಅಂತ ಪ್ರಯಾಣಿಕರನ್ನೇ ಕೇಳಿ, ಕಡಿಮೆಗೆ ಒಪ್ಪಿದವರಿಗೆ ಕೊಡಿ ಅಂತ. ಅಮೆರಿಕ ಹತ್ತು ವರ್ಷ ಬಿಟ್ಟು ಆ ದಾರಿಗೆ ಬಂತು. 2017ರ ಏಪ್ರಿಲ್‌ನಲ್ಲಿ ಷಿಕಾಗೋದಲ್ಲಿ ಯುನೈಟೆಡ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ಎಳೆದು ಇಳಿಸಿದ್ದು ನೆನಪಿರಬಹುದು. ಅದಾದ ಮೇಲೆ ಆ ಕಂಪನಿ 10,000 ಡಾಲರ್‌ವರೆಗೂ ಕೊಡಲು ತಯಾರು ಅಂತ ಹೇಳಿತು. ಆದರೆ ಕೇಳುವಾಗ ನಿಮ್ಮ ಹಕ್ಕು ಏನು ಅಂತ ಮೊದಲು ತಿಳಿಸಬೇಕು. ನಿಮ್ಮ ಅಪ್ಪನಿಗೆ ಅದನ್ನು ತಿಳಿಸಿಲ್ಲ ಅಂತ ಕಾಣುತ್ತದೆ.

ಇಸಾರ್ ದಡ

ಅಕ್ಕ, ವೋಚರ್ ಬಳಸಬೇಡಿ. ಹಾಗೇ ಇಡಿ.

ನಾನು ಮ್ಯೂನಿಕ್‌ನಲ್ಲಿ ಇರುವವನು. ಮೂರು ವರ್ಷದ ಹಿಂದೆ ನನ್ನನ್ನೂ ಹೀಗೇ ಇಳಿಸಿದ್ದರು. ದುಡ್ಡು ವಾಪಸ್ ಬರಲು ಐದು ತಿಂಗಳು ಬೇಕಾಯಿತು, ಆದರೆ ಬಂತು.

ವಿಮಾನ ಯುರೋಪ್ ಒಕ್ಕೂಟದ ಏರ್‌ಪೋರ್ಟಿನಿಂದ ಹೊರಟಿದೆ. ಹಾಗಾಗಿ ಕಂಪನಿ ಯಾವ ದೇಶದ್ದಾದರೂ ವಿಮಾನ ಪ್ರಯಾಣಿಕರ ಹಕ್ಕಿನ ಬಗ್ಗೆ ಇರುವ ಇಲ್ಲಿನ 261/2004 ನಿಯಮ ನಡೆಯುತ್ತದೆ. ಅದರ 10ನೇ ವಿಧಿ ಓದಿ. ಕೆಳಗಿನ ಕ್ಲಾಸ್‌ನಲ್ಲಿ ಕೂರಿಸಿದರೆ ಟಿಕೆಟ್ ದುಡ್ಡಿನಲ್ಲಿ ಒಂದು ಭಾಗವನ್ನು ಏಳು ದಿನದೊಳಗೆ ವಾಪಸ್ ಕೊಡಬೇಕು. 1,500 ಕಿ.ಮೀ.ವರೆಗೆ 30%, ತುಂಬಾ ದೂರದ ಪ್ರಯಾಣಕ್ಕೆ, ಅಂದರೆ ನಿಮ್ಮಂಥದ್ದಕ್ಕೆ, 75%. 250, 400, 600 ಯೂರೋ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ವಿಮಾನವನ್ನೇ ಹತ್ತಿಸದಿದ್ದಾಗ. ಎರಡನ್ನೂ ಬೆರೆಸಬೇಡಿ.

75% ಅಂದರೆ 2,600ರಲ್ಲಿ ಅಲ್ಲ. 2016ರಲ್ಲಿ ಯುರೋಪಿಯನ್ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿದೆ. ಯಾವ ವಿಮಾನದಲ್ಲಿ ಇಳಿಸಿದರೋ ಆ ವಿಮಾನದ ಪಾಲು ಮಾತ್ರ. ಯಾವ ಕ್ಲಾಸ್ ಆದರೂ ಒಂದೇ ಇರುವ ತೆರಿಗೆ, ಶುಲ್ಕ ಕಳೆಯಬೇಕು. ಆ ವಿಮಾನದ ದರ ಟಿಕೆಟ್‌ನಲ್ಲಿ ಬೇರೆ ಇಲ್ಲದಿದ್ದರೆ ದೂರದ ಲೆಕ್ಕದಲ್ಲಿ ಭಾಗ ಮಾಡಬೇಕು. ನಿಮ್ಮದು ಹೋಗುವಾಗ ಬರುವಾಗ ಒಂದೇ ದಾರಿ, ಅರ್ಧರ್ಧ. ತೆರಿಗೆ 200 ಯೂರೋ ಅಂತ ಇಟ್ಟುಕೊಂಡರೆ ಉಳಿದ 2,400ರ ಅರ್ಧ 1,200. ಅದರ 75% ಅಂದರೆ 900 ಯೂರೋ. ಅವರು ಕೊಟ್ಟಿದ್ದು 300, ಅದೂ ವೋಚರ್.

ಸಹಿ ವಿಷಯ. ಅವರು ಅದನ್ನೇ ಹಿಡಿದುಕೊಂಡು ವಾದ ಮಾಡುತ್ತಾರೆ, ಹೆದರಬೇಡಿ. 15ನೇ ವಿಧಿ ಇರುವುದೇ ಇದಕ್ಕೆ. ಈ ಹಕ್ಕುಗಳನ್ನು ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ಸರಿಯಾಗಿ ತಿಳಿಸದೆ ಕಡಿಮೆ ಪರಿಹಾರಕ್ಕೆ ಒಪ್ಪಿಸಿದ್ದರೆ ಉಳಿದದ್ದನ್ನು ಕೇಳಬಹುದು.

ಮೊದಲು ಕಂಪನಿಗೇ ಬರೆಯಿರಿ. ಅಪ್ಪನ ಹೆಸರಲ್ಲಿ, ಅವರ ಒಪ್ಪಿಗೆ ಪತ್ರ ಸೇರಿಸಿ. ಎರಡು ತಿಂಗಳು ಕಾಯಿರಿ. ಉತ್ತರ ಬರದಿದ್ದರೆ ಬರ್ಲಿನ್‌ನಲ್ಲಿ ಪ್ರಯಾಣಿಕರ ತಂಟೆ ಬಗೆಹರಿಸುವ ಸಂಸ್ಥೆ ಇದೆ, ನಮ್ಮ ಕೈಯಿಂದ ಖರ್ಚಿಲ್ಲ. ಹಳೆಯ ಬೋರ್ಡಿಂಗ್ ಪಾಸ್ ಇದೆಯಾ? 4ಡಿ ಅಂತ ಇರುವುದು? ನನ್ನ ಹತ್ತಿರ ಅದು ಇರಲಿಲ್ಲ, ಅದಕ್ಕೇ ಅಷ್ಟು ತಡವಾಯಿತು.

ಮಲೆನಾಡ ಪಯಣ

ಇದೇ ಬೆಂಗಳೂರಿನಿಂದ ಹೊರಡುವಾಗ ಆಗಿದ್ದರೆ?

ದೇವನಹಳ್ಳಿ ಗೇಟ್

ಯುರೋಪಿನ ಕಂಪನಿಯಾಗಿ, ಯುರೋಪಿಗೆ ಹೊರಟಿದ್ದರೆ ಅದೇ ನಿಯಮ. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ನಿಯಮವೂ 2023ರ ಫೆಬ್ರವರಿಯಿಂದ ಇದೆ. ದೇಶದೊಳಗಿನ ವಿಮಾನದಲ್ಲಿ ಕೆಳಗಿನ ಕ್ಲಾಸ್‌ಗೆ ಇಳಿಸಿದರೆ ತೆರಿಗೆ ಸೇರಿ ಟಿಕೆಟ್ ದುಡ್ಡಿನ 75% ವಾಪಸ್. ವಿದೇಶಕ್ಕಾದರೆ ದೂರ ನೋಡಿ 30, 50, 75. ನಾನು ಕೆಲಸಕ್ಕೆ ಸೇರಿದಾಗ ಇದು ಇರಲಿಲ್ಲ. ಆಗ "ಸಾರಿ ಸರ್" ಅನ್ನುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ತುಂಗಾತೀರದವಳು

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಬೋರ್ಡಿಂಗ್ ಪಾಸ್ ಕೇಳಿದೆ. ಅಪ್ಪ ಬಸ್ ಟಿಕೆಟನ್ನೂ ಎಸೆಯುವವರಲ್ಲ. ಎರಡೂ ಡೈರಿಯೊಳಗೆ ಇವೆ, 4ಡಿ ಇರುವುದು ಮತ್ತು ಗೇಟಿನಲ್ಲಿ ಕೊಟ್ಟ ಹೊಸದು. ಸಹಿ ಹಾಕಿದ ಕಾಗದದ ಪ್ರತಿಯೂ ಇದೆ. ಅದರಲ್ಲಿ 10ನೇ ವಿಧಿಯ ಮಾತೇ ಇಲ್ಲ, ಬರೀ ವೋಚರ್ ನಂಬರ್.

ಟಿಕೆಟ್ ತೆಗೆದು ನೋಡಿದೆ. ತೆರಿಗೆ, ಶುಲ್ಕ ಎಲ್ಲ ಸೇರಿ 212 ಯೂರೋ. ಹಾಗಾದರೆ 895 ಯೂರೋ 50 ಸೆಂಟ್. ವೋಚರ್ ವಾಪಸ್ ತಗೊಳ್ಳಿ, ಇಷ್ಟು ಬ್ಯಾಂಕ್ ಖಾತೆಗೆ ಹಾಕಿ ಅಂತ ಇವತ್ತು ಬೆಳಿಗ್ಗೆ ಮೇಲ್ ಕಳಿಸಿದೆ. ಒಪ್ಪಿಗೆ ಪತ್ರವನ್ನು ಅಪ್ಪ ಕೈಯಲ್ಲೇ ಬರೆದು, ಪಕ್ಕದ ಮನೆ ಹುಡುಗನ ಮೊಬೈಲಿನಿಂದ ಫೋಟೋ ಕಳಿಸಿದರು. ಸಹಿ ಹಾಕುವ ಮೊದಲು ಈ ಸಲ ಎರಡು ಸಲ ಓದಿದೆ ಅಂದರು. ಎರಡು ತಿಂಗಳು ಕಾಯುತ್ತೇನೆ. ಉತ್ತರ ಬಂದ ದಿನ ಇಲ್ಲೇ ಬಂದು ಬರೆಯುತ್ತೇನೆ.